ಕೊನೆಯ ಡಬ್ಬಿ ದಾಟುವವರೆಗೆ

ಚರ್ಚಾಸ್ಪರ್ಧೆಯಲ್ಲಿ ಗೆದ್ದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬಹಳ ಕಷ್ಟ. ಅವ್ವ ಇದನ್ನು ಎಂದೋ ಹೇಳಿದ್ದಳು. ಆ ಮಾತನ್ನೂ ನಾನು ಅಲ್ಲೇ ಖಂಡಿಸಿದ್ದೆ. ಕಾಲೇಜಿನಲ್ಲಿ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡಕ್ಕೂ ಚಪ್ಪಾಳೆ ಗಿಟ್ಟಿಸಿದವಳು ನಾನು. ದೇವರು, ದೆವ್ವ, ಜಾತಕ, ಕಣ್ಣು ಅದುರುವುದು, ಇವುಗಳಲ್ಲಿ ಯಾವುದನ್ನೂ ಪುರಾವೆ ಕೇಳದೆ ಹೊಸಿಲು ದಾಟಲು ಬಿಟ್ಟವಳಲ್ಲ. ಅಂಥ ನನ್ನನ್ನು ವಡೋದರಾದ ರೈಲ್ವೆ ಕಾಲನಿಯ ಬೇವಿನ ಮರದ ಕೆಳಗೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಭಾನುವಾರಕ್ಕೊಮ್ಮೆ ಸೋಲಿಸುತ್ತಿದ್ದಳು. ಅವಳಿಗೆ ಮೂಗು ಒರೆಸಿಕೊಳ್ಳಲೂ ಸರಿಯಾಗಿ ಬರುತ್ತಿರಲಿಲ್ಲ ಎಂಬುದು ಈ ಸೋಲಿನ ಅವಮಾನವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಹುಡುಗಿ ನನ್ನ ಅಕ್ಕನ ಮಗಳು, ಗೌರಿ. ಭಾವ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಗದಗಿನ ಕಡೆಯಿಂದ ಬಂದು ಇಲ್ಲಿ ಸೂರತ್ತಿಗೂ ಅಹಮದಾಬಾದಿಗೂ ಕಲ್ಲಿದ್ದಲು, ಸಿಮೆಂಟು, ಉಪ್ಪುಗಳ ಬಾಲದಲ್ಲಿ ಕೂತು ಓಡಾಡುವವರು. ಗೂಡ್ಸ್ ಗಾಡಿಗೆ ಲೋಕದಲ್ಲಿ ಯಾವ ಮರ್ಯಾದೆಯೂ ಇಲ್ಲ. ಹಿಂದಿನಿಂದ ಎಕ್ಸ್‌ಪ್ರೆಸ್ ಬಂತೆಂದರೆ ಇದನ್ನು ಪಕ್ಕದ ಲೂಪ್ ಲೈನಿಗೆ ತಳ್ಳಿ ನಿಲ್ಲಿಸುತ್ತಾರೆ. ಅದು ಹೋದ ಮೇಲೆ ಇನ್ನೊಂದು ಬರುತ್ತದೆ, ಆಮೇಲೆ ಮತ್ತೊಂದು. ಬೆಳಿಗ್ಗೆ ಬರಬೇಕಾದ ಭಾವ ಸಂಜೆ ಬಂದು, ತಣ್ಣಗಾದ ಸಾರಿನ ಮುಂದೆ ಕೂತು ಹೇಳುವುದು ಒಂದೇ ಮಾತು: "ಲೂಪ್‌ನಾಗ ಹಾಕಿದ್ರು." ಆ ಮನೆಯಲ್ಲಿ ತಡವಾದ ಯಾವುದಕ್ಕೂ ಇದೇ ಸಮಾಧಾನ. ಕುಕ್ಕರು ಕೂಗದಿದ್ದರೂ ಲೂಪ್, ನಾನು ಮದುವೆಯಾಗದಿದ್ದರೂ ಲೂಪ್.

ಒಮ್ಮೆ ಭಾವ ಸೂರತ್ ಕಡೆಯ ಗಾಡಿಗೆ ಹೋದವರು ಅಲ್ಲೇ ಜ್ವರ ಬಂದು ಆಸ್ಪತ್ರೆ ಸೇರಿದರು. ಕಾಮಾಲೆ ಅಂದರು, ಲಿವರ್ ಅಂದರು, ಆಮೇಲೆ ಏನೂ ಅನ್ನಲಿಲ್ಲ. ಅಲ್ಲಿಂದಲೇ ಅವರನ್ನು ಊರಿಗೆ ಒಯ್ದರು. ಗೌರಿಗೆ ಆಗ ಮೈತುಂಬ ಸೀತಾಳೆ ಸಿಡುಬು. ಪಕ್ಕದ ಮನೆಯ ಹಂಸಾಬೇನ್ ಹತ್ತಿರ ಬೇವಿನ ಸೊಪ್ಪಿನ ನಡುವೆ ಮಲಗಿದ್ದಳು. ಏಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳು ಅಳಲೂ ಇಲ್ಲ, ಯಾರನ್ನೂ ಏನೂ ಕೇಳಲೂ ಇಲ್ಲ. ಎಲ್ಲ ಅವಳಿಗೆ ಗೊತ್ತೇ ಇತ್ತು: ಪಪ್ಪಾನನ್ನು ಲೂಪ್‌ನಲ್ಲಿ ಹಾಕಿದ್ದಾರೆ.

"ಅಷ್ಟು ಕಪ್ ತಂದೀಯಲ್ಲ, ನೀನ ಹೇಳು ಆಕೀಗೆ," ಎಂದಳು ಅಕ್ಕ. ಅನುಕಂಪದ ಆಧಾರದ ಮೇಲೆ ಅವಳಿಗೆ ರೈಲ್ವೆ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ವಾರವಿಡೀ ದುಡಿದು ಭಾನುವಾರ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. "ನನ್ನ ಬಾಯಿಲೆ ಆ ಮಾತು ಬರೂದಿಲ್ಲ. ಯಾವಾಗರ ಖರೇನ ಬಿಟ್ಟು ಮಾತಾಡೀಯೇನು ನೀನು? ಹೇಳು."

ಹೀಗೆ ಅಹಮದಾಬಾದಿನಿಂದ ಭಾನುವಾರದ ಬೆಳಗಿನ ಗಾಡಿ ಹಿಡಿದು ಬಂದು ಮಗುವಿಗೆ ಗೂಡ್ಸ್ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅಲ್ಲಿನ ವಟ್ವಾದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ಅಲ್ಲಿ ಗೋಡೆಯ ತುಂಬ ಸುರಕ್ಷತೆಯ ಘೋಷಣೆಗಳು, ಆ ಗೋಡೆಗೇ ಒರಗಿ ಬರಿಗೈಯಲ್ಲಿ ಆಸಿಡ್ ಸುರಿಯುವ ನಾವು. ಆ ವಾರ ಯಾವ ಬಣ್ಣ ತಯಾರಾಯಿತೆಂದು ನನ್ನ ಬೆರಳುಗಳೇ ಹೇಳುತ್ತಿದ್ದವು. ಕಾರ್ಖಾನೆಯಲ್ಲಿ ಪಾಲಿಸದ ಸುರಕ್ಷತೆಯನ್ನೆಲ್ಲ ನಾನು ಗೌರಿಯ ಮೇಲೆ ಪ್ರಯೋಗಿಸಿದೆ. ಹಳಿಗೂ ನಮಗೂ ನಡುವೆ ತಂತಿಬೇಲಿ, ಬೇಲಿಗೂ ನಮಗೂ ನಡುವೆ ಬೇವಿನ ಮರ. ಮರ ದಾಟಿ ಮುಂದೆ ಹೆಜ್ಜೆ ಇಡುವಂತಿಲ್ಲ. ಹಾರ್ನ್ ಆದರೆ ಒಂದು ಕಿವಿಗೆ ಅವಳ ಕೈ, ಇನ್ನೊಂದಕ್ಕೆ ನನ್ನದು, ಉಳಿದ ಎರಡು ಕೈ ಒಂದನ್ನೊಂದು ಹಿಡಿದಿರಬೇಕು. ಇಷ್ಟು ಸಾಲದೆಂದು ಕಾರ್ಖಾನೆಯ ಹಳದಿ ಹೆಲ್ಮೆಟ್ ಒಂದನ್ನು ತಂದು ತೊಡಿಸಿದೆ. ಅದು ಜಾರಿ ಮೂಗಿನ ಮೇಲೆ ಕೂತು, ಅವಳಿಗೆ ಗಾಡಿಯೇ ಕಾಣದಾಯಿತು. "ಚಿಕ್ಕಿ, ಕತ್ತಲಾ ಆತು," ಎಂದಳು. ಸಂಪೂರ್ಣ ಸುರಕ್ಷತೆಯೆಂದರೆ ಬಹುಶಃ ಅದೇ.

ಕೊನೆಯ ನಿಯಮ ಮಾತ್ರ ಭಾವ ಕಲಿಸಿದ್ದು. ಗೂಡ್ಸಿನ ಕೊನೆಯ ಡಬ್ಬಿಯ ಬೆನ್ನಿಗೆ 'ಎಲ್‌ವಿ', ಅಂದರೆ ಲಾಸ್ಟ್ ವೆಹಿಕಲ್, ಎಂದು ಬರೆದ ಪುಟ್ಟ ಹಲಗೆ ತೂಗುಹಾಕಿರುತ್ತಾರೆ. ಅದು ಕಂಡರೆ ಗಾಡಿ ಪೂರ್ತಿ ಬಂತೆಂದು ಅರ್ಥ. ಕಾಣುವವರೆಗೆ ಯಾರೂ ಕೈ ಬಿಡಕೂಡದು. ಇಡೀ ಇಂಗ್ಲಿಷಿನಲ್ಲಿ ಗೌರಿಗೆ ಗೊತ್ತಿದ್ದ ಅಕ್ಷರಗಳು ಆ ಎರಡೇ.

ಗಾಡಿಗಳ ನಡುವಿನ ಹೊತ್ತಿನಲ್ಲಿ ನಮ್ಮ ವಾದ ನಡೆಯುತ್ತಿತ್ತು.

"ಗೌರಿ, ಪಪ್ಪಾ ತೀರಿಹೋದ್ರು. ಅಂದರೆ ನಿಂತುಹೋದ್ರು."

"ಹ್ಞೂಂ. ರೆಡ್ ಸಿಗ್ನಲ್."

"ಹಾಗಲ್ಲ. ಮತ್ತೆ ಹೊರಡೋದಿಲ್ಲ."

"ಎಕ್ಸ್‌ಪ್ರೆಸ್ ಹೋದ ಮ್ಯಾಲೆ ಬಿಡ್ತಾರ."

"ಎಷ್ಟು ಎಕ್ಸ್‌ಪ್ರೆಸ್ ಹೋದವು! ಬಿಟ್ಟರಾ?"

ಅವಳು ಹೆಲ್ಮೆಟ್ ಎತ್ತಿ ನನ್ನನ್ನು ಕನಿಕರದಿಂದ ನೋಡಿದಳು. "ಚಿಕ್ಕಿ, ಗೂಡ್ಸ್ ಅದು. ಭಾಳ ಲೇಟ್ ಇರ್ತದ."

ನಾನು ಪುರಾವೆ ಕೇಳುವವಳು; ಅವಳ ಹತ್ತಿರ ಪುರಾವೆ ಇತ್ತು. ಹುಟ್ಟಿದಾಗಿನಿಂದ ಪಪ್ಪಾ ತಡವಾಗಿದ್ದರು, ಪ್ರತಿಸಲವೂ ಬಂದಿದ್ದರು. ನನ್ನ ಬಳಿ ಇದ್ದದ್ದು ಒಂದೇ ಒಂದು ಸಲದ ಬರದಿರುವಿಕೆ.

ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ ಸೂರತ್ ಕಡೆಯಿಂದ ಬಂದ ಗೂಡ್ಸೊಂದು ನಿಧಾನವಾಗಿ ಬಂದು, ಅದರ ಬಾಲ ಸರಿಯಾಗಿ ನಮ್ಮ ಮರದೆದುರು ನಿಂತಿತು. ಗಾರ್ಡ್ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಬಿಳಿ ಪೋಷಾಕು, ನರೆತ ಮೀಸೆ, ಕಂಕುಳಲ್ಲಿ ಸುತ್ತಿಟ್ಟ ಬಾವುಟ.

"ಕೇಮ್ ಬೇಟಾ, ಮಜಾ ಮಾ?" ಎಂದು ಯೋಗಕ್ಷೇಮ ಕೇಳಿದರು.

ಗೌರಿ ನನಗಿಂತ ಚೆನ್ನಾದ ಗುಜರಾತಿಯಲ್ಲಿ ಕೂಗಿ ಕೇಳಿದಳು: ನನ್ನ ಪಪ್ಪಾ ಹಿಂದೆ ಲೂಪ್‌ನಲ್ಲಿ ಇದ್ದಾರಾ, ಅವರೂ ಗಾರ್ಡೇ.

ಪಾಪ, ಆತನಿಗೇನು ಗೊತ್ತು! ಮೀಸೆಯೊಳಗೆ ನಕ್ಕು, "ಹಾ ಬೇಟಾ, ಆವ್‌ಶೇ, ಆವ್‌ಶೇ. ಪಾಛಳ್‌ನೀ ಗಾಡೀ ಮಾ," ಎಂದುಬಿಟ್ಟರು. ಬರ್ತಾರೆ, ಹಿಂದಿನ ಗಾಡಿಯಲ್ಲಿ ಬರ್ತಾರೆ.

ಗೌರಿ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಸ್ಪರ್ಧೆಗಳಲ್ಲಿ ನೋಡಿದ್ದೇನೆ. ತೀರ್ಪು ತನ್ನ ಕಡೆ ಬಂದವರ ಮುಖ ಅದು. ನನ್ನೊಳಗಿನ ಹಳೆಯ ಯಂತ್ರ ತಾನಾಗಿ ಚಾಲೂ ಆಯಿತು. ಎದುರಾಳಿ ತಪ್ಪು ಹೇಳಿದರೆ ನಾನು ಸುಮ್ಮನಿರಲಾರೆ. ಮೈಕಿಲ್ಲದ ಸಭಾಂಗಣದ ಕೊನೆಯ ಸಾಲಿಗೂ ಕೇಳಿಸುವ ಧ್ವನಿಯಲ್ಲಿ, ಹಿಂದಿಯಲ್ಲಿ, ಕಿರುಚಿದೆ: "ನಹೀ ಆಯೇಂಗೇ! ಮರ್ ಗಯೇ ಹೈಂ ವೋ! ಕಭೀ ನಹೀ ಆಯೇಂಗೇ!" ಬರೋದಿಲ್ಲ, ಸತ್ತುಹೋಗಿದ್ದಾರೆ, ಎಂದೂ ಬರೋದಿಲ್ಲ.

ಗಾರ್ಡಿನ ಚಹಾ ಕೈಯಲ್ಲೇ ನಿಂತಿತು. ನಾನು ತಿಂಗಳುಗಟ್ಟಲೆ ಮೆತ್ತಗೆ ಹೇಳಬೇಕೆಂದು ಕನ್ನಡದಲ್ಲಿ ಹೊಂದಿಸಿಟ್ಟಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಗೌರಿ ಅಳಲಿಲ್ಲ. ಅತ್ತದ್ದು ನಾನು, ಅದೂ ಸೆರಗು ಬಾಯಿಗೊತ್ತಿಕೊಂಡು ಅಲ್ಲ, ಸಂತೆಯಲ್ಲಿ ದಾರಿ ತಪ್ಪಿದವರ ಹಾಗೆ. ದೂರದಲ್ಲಿ ಎಂಜಿನ್ ಕೂಗಿತು, ಡಬ್ಬಿಗಳು ಒಂದನ್ನೊಂದು ಎಳೆದುಕೊಂಡವು. ಅವಳ ಕೈ ಬಿಟ್ಟು ಕಣ್ಣೊರೆಸಿಕೊಳ್ಳುತ್ತ, ಎತ್ತ ಹೋಗುತ್ತಿದ್ದೇನೆಂದು ನೋಡದೆ ಹೆಜ್ಜೆ ಇಟ್ಟೆ. ಮರ ದಾಟಿ, ಬೇಲಿಯ ಕಡೆಗೆ.

"ಚಿಕ್ಕಿ, ಕೈ!" ಎಂದು ಗದರಿಸಿ ಗೌರಿ ನನ್ನ ನೀಲಿ ಬೆರಳು ಹಿಡಿದೆಳೆದಳು. "ಎಲ್‌ವಿ ಇನ್ನಾ ಕಂಡಿಲ್ಲ."

ನಿಂತೆವು. ಗಾರ್ಡ್ ಹಸಿರು ಬಾವುಟ ಬಿಚ್ಚಿ ಬೀಸುತ್ತಲೇ ಇದ್ದರು. ಡಬ್ಬಿ ನಮ್ಮನ್ನು ದಾಟಿದ ಮೇಲೆ ಹಲಗೆ ಕಂಡಿತು. ಗೌರಿ ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, "ಈಗ ನಡಿ," ಎಂದಳು. ಮನೆಯ ಮೆಟ್ಟಿಲ ಹತ್ತಿರ ಒಂದೇ ಪ್ರಶ್ನೆ ಕೇಳಿದಳು: "ಮಮ್ಮೀಗೆ ಗೊತ್ತದ?" ಗೊತ್ತು ಎಂದೆ. ಒಳಗೆ ಹೋಗಿ, ಗೋಡೆಗೆ ಮುಖ ಮಾಡಿದ್ದ ಅಕ್ಕನ ಬೆನ್ನಿಗೆ ಆತು ಮಲಗಿದಳು. ಹೆಲ್ಮೆಟ್ ತೆಗೆಯಲಿಲ್ಲ.

ಮುಂದಿನ ಭಾನುವಾರ ಇನ್ನು ಗೂಡ್ಸ್ ನೋಡುವ ಗೋಜಿಲ್ಲ ಅಂದುಕೊಂಡು ಹೋದರೆ, ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದಳು. ಪಪ್ಪಾ ಬರೂದಿಲ್ಲ, ತನಗೆ ಗೊತ್ತು ಎಂದಳು. ಆದರೆ ಬೇರೆ ಗಾರ್ಡ್ ಕಾಕಾಗಳಿಗೆ ಟಾಟಾ ಮಾಡುವವರು ಯಾರು? ಹೋದೆವು.

ಅಂದಿನಿಂದ ಗಾಡಿ ಬಂದರೆ ಅವಳು ಡಬ್ಬಿ ನೋಡುತ್ತಾಳೆ, ಬಣ್ಣ ನೋಡುತ್ತಾಳೆ, ಕೈ ಬೀಸುತ್ತಾಳೆ. ಕೊನೆಯ ಡಬ್ಬಿ ಹತ್ತಿರವಾಗುತ್ತಿದ್ದಂತೆ ಕತ್ತು ನಿಗುಚಿ ಬಾಗಿಲಲ್ಲಿ ನಿಂತವರ ಮುಖ ಹುಡುಕುವವಳು ಈಗ ನಾನು. ಗೂಡ್ಸ್ ಅಲ್ಲವೇ, ಭಾಳ ಲೇಟ್ ಇರ್ತದೆ.

"ಏನು ನೋಡ್ತಿ, ಚಿಕ್ಕಿ?" ಎಂದು ಗೌರಿ ಕೇಳುತ್ತಾಳೆ.

"ಎಲ್‌ವಿ ಹಲಗೆ," ಎನ್ನುತ್ತೇನೆ.