ಬಯಾಸ್ ಎಂಬ ಮಹನೀಯರಿಗೆ, ಬಿಳಿ ಗುಲಾಬಿಯ ಪರವಾಗಿ

ಇಂಗ್ಲಿಷ್ ಭಾಷೆಯಲ್ಲಿ ಕಾಯಂ ಹುದ್ದೆಯಲ್ಲಿದ್ದುಕೊಂಡೇ ಈಚೆಗೆ ಹೊಸೂರು ಸೀಮೆಗೂ ಹೆಚ್ಚುವರಿ ಹೊಣೆ ಹೊತ್ತು ದಯಮಾಡಿಸಿರುವ ಶ್ರೀಯುತ ಬಯಾಸ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹೊಸೂರಿನ ಪಕ್ಕದ ತಳಿ ಎಂಬ ಊರಿನ ಕಡೆಯ ಗುಲಾಬಿ ಬೆಳೆಗಾರ ನರಸಿಂಹಪ್ಪ ಮಾಡುವ ಅನಂತ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವೇ ಬೀಳಲಿಲ್ಲ, ಏಕೆಂದರೆ ನಾನು ಹೋದಲ್ಲೆಲ್ಲ ತಾವು ನನಗಿಂತ ಮೊದಲೇ ಬಂದು ಕಾಲು ಚಾಚಿ ಕೂತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ತಮ್ಮಂಥವರ ಮೇಲೆ ದೂರು ಬರೆಯುವಷ್ಟು ದೊಡ್ಡವನು ನಾನಲ್ಲ. ಆದರೆ ಮನೆಯಲ್ಲಿ ಹೆಂಡತಿ ಮುದ್ದೆ ಮುರಿಯದೆ ತಟ್ಟೆ ನೋಡುತ್ತಾ ಕೂತರೆ, ಗಂಡನಾದವನು ಯಾರ ಮೇಲಾದರೂ ಒಂದು ದೂರು ಬರೆಯಲೇಬೇಕಾಗುತ್ತದೆ.

ನನ್ನ ಹೆಂಡತಿಯ ಹೆಸರು ಅಶ್ವತ್ಥಮ್ಮ. ಸುತ್ತಮುತ್ತಲಿನವರೆಲ್ಲ ಕೆಂಪು ಗುಲಾಬಿ ಹಾಕಿದಾಗ, ತಾನು ಬಿಳಿಯನ್ನೇ ಹಾಕುತ್ತೇನೆಂದು ಹಟ ಹಿಡಿದವಳು ಅವಳು. ಶುಭಕಾರ್ಯಕ್ಕೆ ಬಾರದ ಬಣ್ಣವೆಂದು ಊರೇ ನಕ್ಕಿತು, ಊರಿನ ಜೊತೆ ನಾನೂ ನಕ್ಕೆ. ಹೂ ಬಿಟ್ಟಾಗ ನಗು ನಿಂತಿತು. ನಮ್ಮ ಕಡೆಯ ಹೂ ಸಂಗ್ರಹ ಕೇಂದ್ರದಲ್ಲಿ ಅವಳ ಹೂವಿಗೆ ಯಾವತ್ತೂ ಮೊದಲ ದರ್ಜೆ. ಈ ವರ್ಷ ಶ್ರಾವಣದಲ್ಲಿ ಆ ಕೇಂದ್ರಕ್ಕೆ ದರ್ಜೆ ಹೇಳುವ ಯಂತ್ರವೊಂದು ಬಂತು. ಬೆಲ್ಟಿನ ಮೇಲೆ ಹೂ ಸಾಗುತ್ತದೆ, ಮೇಲಿನಿಂದ ಕ್ಯಾಮೆರಾದ ಒಂಟಿಕಣ್ಣು ನೋಡುತ್ತದೆ, ಪಕ್ಕದ ಪರದೆಯಲ್ಲಿ ತೀರ್ಪು ಮೂಡುತ್ತದೆ. ದಸರೆಯ ತನಕ ಆ ಕಣ್ಣಿಗೂ ಅಶ್ವತ್ಥಮ್ಮನ ಹೂವು ಮೊದಲ ದರ್ಜೆಯದಾಗಿಯೇ ಕಂಡಿತು.

ಆಯುಧಪೂಜೆ ಮುಗಿಸಿಕೊಂಡು ಹೂ ಒಯ್ದರೆ ಎರಡನೇ ದರ್ಜೆ ಬಂತು, ಕಾರಣ ‘ಚುಕ್ಕೆ, ಬಣ್ಣಗೇಡು’. ಮುಂದಿನ ಸಲವೂ ಅದೇ ತೀರ್ಪು. ಅದೇ ಬೆಲ್ಟಿನ ಮೇಲೆ ಪಕ್ಕದ ತೋಟದ ಕದಿರಪ್ಪನ ಕೆಂಪು ಹೂವು, ಬಾಡಿ ಬಣ್ಣ ಮಾಸಿದ್ದರೂ, ಮದುಮಗಳ ಹಾಗೆ ಮೊದಲ ದರ್ಜೆಯಲ್ಲಿ ಮೆರೆದುಕೊಂಡು ಹೋಯಿತು. ಸತತವಾಗಿ ಮೂರು ಸಲ ಎರಡನೇ ದರ್ಜೆ ಬಂದವರ ಹೂವನ್ನು ಕೇಂದ್ರ ಮತ್ತೆ ಮುಟ್ಟುವುದಿಲ್ಲವೆಂಬುದು ನಿಯಮ. ಎಂದರೆ ಇನ್ನೊಂದು ಸಲ ಹೀಗಾದರೆ ಅಶ್ವತ್ಥಮ್ಮ ತನ್ನ ಬಿಳಿ ಗಿಡಗಳನ್ನು ತಾನೇ ಕಿತ್ತು, ಕದಿರಪ್ಪನ ಹಾಗೆ ಕೆಂಪು ನೆಡಬೇಕು.

ಕೇಂದ್ರದ ಮೇಲ್ವಿಚಾರಕಿ ಚಂದ್ರಲೇಖಾ ಬಹಳ ಮರ್ಯಾದಸ್ಥ ಹುಡುಗಿ. ಮಾತನ್ನು ತಮಿಳಿನಲ್ಲಿ ಶುರುಮಾಡಿ, ಕನ್ನಡದಲ್ಲಿ ಮುಗಿಸುತ್ತಾಳೆ, ನಡುವೆ ತಿಳಿಯಲೇಬೇಕಾದದ್ದನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಯಂತ್ರಕ್ಕೆ ‘ಬಯಾಸ್’ ಇರಬಹುದು ಎಂದು ಅವಳು ತಮ್ಮ ಹೆಸರನ್ನು ಹೇಳಿದ್ದೇ ಅಲ್ಲಿ. ಹಾಗೆಂದರೇನಮ್ಮಾ ಎಂದು ಕೇಳುವಷ್ಟರಲ್ಲಿ ಮುಂದಿನವರ ಟ್ರೇ ಬಂತು. ಅಂದಿನಿಂದ ತಮ್ಮನ್ನು ಹುಡುಕಿಕೊಂಡು ನಾನು ಅಲೆದ ಅಲೆದಾಟವನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಹೊಸೂರಿನ ಟೈರ್ ಅಂಗಡಿಯ ವೆಂಕಟೇಶಪ್ಪ ಒಂದು ಟ್ರೈಲರ್ ಟೈರಿನ ಬೆನ್ನು ತಟ್ಟಿ, ಇದೇ ಬಯಾಸ್ ಎಂದು ತಮ್ಮನ್ನು ಪರಿಚಯಿಸಿದ. ಒಳಗಿನ ನೂಲಿನ ಪದರಗಳನ್ನು ಒಂದರ ಮೇಲೊಂದು ಓರೆಯಾಗಿ ಹಾಸಿರುತ್ತಾರಂತೆ, ಎಷ್ಟು ಹೇರಿದರೂ ಜಗ್ಗುವುದಿಲ್ಲವಂತೆ. ಅಲ್ಲಿಂದ ಅವಲಪಲ್ಲಿಗೆ ಹೋದರೆ, ರವಿಕೆ ಹೊಲಿಯುವ ನನ್ನ ತಂಗಿಯ ಮಗಳು ಶಶಿರೇಖಾ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿ, ಹೀಗೆ ಓರೆಯಾಗಿ ಕತ್ತರಿಸುವುದೇ ಬಯಾಸ್ ಎಂದಳು. ನೇರವಾಗಿ ಕತ್ತರಿಸಿದ ಪಟ್ಟಿ ಕೊರಳ ಸುತ್ತ ಸುಕ್ಕಾಗುತ್ತದೆ, ಓರೆಯ ಪಟ್ಟಿ ಮಾತ್ರ ಹೇಳಿದ ಮಾತು ಕೇಳಿಕೊಂಡು ಬಾಗುತ್ತದೆಯಂತೆ. ನಮ್ಮ ಸೀಮೆಯ ಹೆಂಗಸರ ಕೊರಳುಗಳೆಲ್ಲ ಇಷ್ಟು ಅಚ್ಚುಕಟ್ಟಾಗಿರುವುದು ತಮ್ಮ ಕೃಪೆ ಎಂದು ತಿಳಿದು ನಾನು ಕೈಮುಗಿದೆ. ನಮ್ಮಲ್ಲಿ ಒಬ್ಬ ಅಧಿಕಾರಿಗೆ ಎರಡು ಕಚೇರಿ ಕೊಟ್ಟರೆ ಎರಡಕ್ಕೂ ಬೀಗ ಬಿದ್ದಿರುತ್ತದೆ. ತಾವೋ ಟೈರಿನಲ್ಲೂ ಹಾಜರು, ರವಿಕೆಯಲ್ಲೂ ಹಾಜರು.

ನಿವೃತ್ತ ಮೇಷ್ಟ್ರು ನಾರಾಯಣಸ್ವಾಮಿಯವರ ಮನೆಯಲ್ಲಿ ಮಾತ್ರ ತಮ್ಮ ಮರ್ಯಾದೆಗೆ ಸ್ವಲ್ಪ ಕುಂದುಂಟಾಯಿತೆಂದು ತಿಳಿಸಲು ವಿಷಾದಿಸುತ್ತೇನೆ. ಬಯಾಸ್ ಎಂದರೆ ಪಕ್ಷಪಾತ, ನೋಡುವ ಮೊದಲೇ ಮನಸ್ಸು ಒಂದು ಕಡೆಗೆ ವಾಲಿರುವುದು, ಮನುಷ್ಯನಿಗಿರಬಾರದ ದುರ್ಗುಣ ಎಂದು ಅವರು ಉದಾಹರಣೆ ಸಮೇತ ವಿವರಿಸಿದರು. ವಿವರಿಸುತ್ತಲೇ ದೊಡ್ಡ ವಡೆಯನ್ನು ಮೊಮ್ಮಗನ ತಟ್ಟೆಗೂ ಸೀದುಹೋದದ್ದನ್ನು ನನ್ನ ತಟ್ಟೆಗೂ ಹಾಕಿದರು. ಉದಾಹರಣೆ ಅದೇ ಇರಬೇಕೆಂದುಕೊಂಡು ನಾನು ಗೌರವದಿಂದ ತಿಂದೆ.

ಕೊನೆಗೆ ಕೈಹಿಡಿದವನು ನನ್ನ ತಮ್ಮನ ಮಗ ಗಿರಿ. ಅವನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದಾನೆ. ಅಳೆಯುವ ಉಪಕರಣ ಪ್ರತಿ ಸಲವೂ ಒಂದೇ ಕಡೆಗೆ ಒಂದು ಕೂದಲೆಳೆಯಷ್ಟು ತಪ್ಪು ತೋರಿಸುತ್ತಿದ್ದರೆ ಆ ವಾಲುವಿಕೆಗೆ ಅವರಲ್ಲಿ ತಮ್ಮ ಹೆಸರಂತೆ. ಅದರಲ್ಲಿ ಯಾರ ದ್ವೇಷವೂ ಇಲ್ಲ, ಬೈದು ಪ್ರಯೋಜನವೂ ಇಲ್ಲ, ಎಷ್ಟು ವಾಲಿದೆ ಎಂದು ಕಂಡುಹಿಡಿದು ಸರಿಮಾಡಬೇಕಷ್ಟೆ ಎಂದ. ಕಂಡುಹಿಡಿಯುವುದು ಹೇಗೋ ಎಂದು ಕೇಳಿದೆ. “ಇದು ಹಿಂಗೇ ಅಂತ ನಮ್ಗೆ ಗೊತ್ತಿರಾದ್ನ ಅದ್ರ ಮುಂದೆ ಇಕ್ಕಿ ದೊಡ್ಡಪ್ಪ. ಅದೇನಂತದೋ ನೋಡಿ” ಎಂದ.

ಮಾನ್ಯರೇ, ಮೂರನೆಯ ಸಲ ಹೂ ಒಯ್ಯುವ ದಿನ ಬೆಳಿಗ್ಗೆ ಅಶ್ವತ್ಥಮ್ಮ ಹೂ ಕೊಯ್ದು ಟ್ರೇಗೆ ಜೋಡಿಸಿ, ನನ್ನ ಮುಖ ನೋಡದೆ, ಬರುವಾಗ ಕೆಂಪು ಸಸಿಗೆ ಹೇಳಿಬಿಟ್ಟು ಬನ್ನಿ ಎಂದಳು. ಯಾರ ನಗುವಿಗೂ ಜಗ್ಗದವಳು ಒಂದು ಒಂಟಿಕಣ್ಣಿಗೆ ಸೋತಳಲ್ಲ ಎನಿಸಿತು. ನೀನೂ ಬಾ ಎಂದು ಬಲವಂತವಾಗಿ ಅವಳನ್ನು ಹೊರಡಿಸಿ, ಪೆಟ್ಟಿಗೆಯಲ್ಲಿ ಮದುವೆಮನೆಗಳಿಗೆ ಉಡಲೆಂದು ತೆಗೆದಿಟ್ಟಿದ್ದ ನನ್ನ ಹೊಸ ಬಿಳಿ ಪಂಚೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಕೇಂದ್ರದಲ್ಲಿ ಹೂವಿಗೆ ಮೊದಲು ಪಂಚೆಯನ್ನೇ ಬೆಲ್ಟಿನ ಮೇಲೆ ಹಾಸಿದೆ. ‘ಗುಲಾಬಿ. ಎರಡನೇ ದರ್ಜೆ. ಚುಕ್ಕೆ, ಬಣ್ಣಗೇಡು’ ಎಂದು ಪರದೆ ಹೇಳಿತು. ಪಂಚೆಯನ್ನು ಗುಲಾಬಿಯೆಂದು ಒಪ್ಪಿಕೊಂಡ ಅದರ ಔದಾರ್ಯವನ್ನು ನಾನು ಮರೆಯುವುದಿಲ್ಲ, ಆದರೆ ಚುಕ್ಕೆಯಿಲ್ಲದ ಪಂಚೆಯಲ್ಲಿ ಚುಕ್ಕೆ ಕಂಡರೆ ಚುಕ್ಕೆ ಇರುವುದು ಎಲ್ಲಿ ಎಂಬುದು ಚಂದ್ರಲೇಖಾಗೆ ಆ ಕ್ಷಣವೇ ಹೊಳೆಯಿತು.

ಅವಳು ಸ್ಟೂಲು ಹತ್ತಿ ಯಂತ್ರದ ಕಣ್ಣನ್ನು ಉಗುರಿನಿಂದ ಕೆರೆದಳು. ಉಗುರು ಕೆಂಪಾಯಿತು. ಎಣ್ಣೆಯಲ್ಲಿ ಕಲಸಿದ ಕುಂಕುಮ, ಯಾರೋ ಮೇಲೆ ಒಣಬಟ್ಟೆ ಆಡಿಸಿದ್ದರಿಂದ ಗಾಜಿನ ತುಂಬ ತೆಳ್ಳಗೆ ಹರಡಿಕೊಂಡಿತ್ತು. ಆ ಕಣ್ಣಿಗೆ ಬಿಳಿಯದೆಲ್ಲ ಕೆಟ್ಟಂತೆ ಕಂಡು, ಕದಿರಪ್ಪನ ಮಾಸಿದ ಕೆಂಪೂ ಕಡುಗೆಂಪಾಗಿ ಕಂಡದ್ದು ಹಾಗೆ. ಆಯುಧಪೂಜೆಯ ದಿನ ನಮ್ಮಲ್ಲಿ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಬೊಟ್ಟಿಲ್ಲದೆ ಯಾವುದೂ ಉಳಿಯುವುದಿಲ್ಲ, ಹೊಸ ಯಂತ್ರಕ್ಕೆ ಮೊದಲ ಬೊಟ್ಟಿಡುವ ಗೌರವವನ್ನು ಕೇಂದ್ರದವರು ಅತ್ಯುತ್ತಮ ಹೂ ಬೆಳೆದವರಿಗೇ ಕೊಟ್ಟಿದ್ದರು. ನಾವೆಲ್ಲ ಅಶ್ವತ್ಥಮ್ಮನ ಕಡೆ ತಿರುಗಿದೆವು. ಅವಳು ಸೆರಗು ಸರಿಮಾಡಿಕೊಂಡು, “ಅದಕ್ಕೆ ಹಣೆ ಎಲ್ಲೈತೆ? ಇರಾದು ಒಂದೇ ಕಣ್ಣು. ಅಲ್ಲೇ ಇಕ್ಬುಟ್ಟೆ” ಎಂದಳು. ಕಣ್ಣು ಒರೆಸಿದ ಮೇಲೆ ಅವಳ ಹೂವಿಗೆ ಮೊದಲ ದರ್ಜೆ ಬಂತು. ಅಂದು ಮನೆಗೆ ಬಂದವಳು ಎರಡು ಮುದ್ದೆ ಉಂಡಳು.

ಆದ್ದರಿಂದ ಅರ್ಧ ದೂರನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಉಳಿದರ್ಧಕ್ಕೆ ನನ್ನ ಸವಿನಯ ಪ್ರಾರ್ಥನೆ ಏನೆಂದರೆ, ಮುಂದೆ ನಮ್ಮ ಕಡೆ ಬರುವಾಗ ತಾವು ಟೈರಿನ ಬಯಾಸೋ, ರವಿಕೆಯದೋ, ಕಾರ್ಖಾನೆಯದೋ, ಮೇಷ್ಟ್ರ ಮನೆಯ ವಡೆಯದೋ ಎಂದು ಎದೆಯ ಮೇಲೆ ಒಂದು ಬಿಲ್ಲೆ ಧರಿಸಿಕೊಂಡು ಬರಬೇಕು. ಟೈರಿನಲ್ಲೂ ರವಿಕೆಯಲ್ಲೂ ತಾವು ನೂರ್ಕಾಲ ಬಾಳಿರಿ. ಯಂತ್ರದೊಳಗಿಂದ ಮಾತ್ರ ಸಂಸಾರ ಸಮೇತ ಖಾಲಿಮಾಡಬೇಕು. ಪೂರ್ತಿ ಖಾಲಿಮಾಡುವುದು ಸೇವಾ ನಿಯಮದಲ್ಲಿ ಸಾಧ್ಯವಿಲ್ಲವೆಂದಾದರೆ, ಹೇಗೂ ಒಂದು ಕಡೆಗೆ ವಾಲುವವರು ಸ್ವಲ್ಪ ಬಿಳಿಯ ಕಡೆಗೇ ವಾಲಬಹುದಲ್ಲವೇ ಎಂದು ಕೇಳಿಕೊಳ್ಳುತ್ತೇನೆ. ಇದನ್ನು ಹೆಂಡತಿಯ ಮೇಲಿನ ಮಮತೆಯಿಂದ ಹೇಳುತ್ತಿಲ್ಲ, ಬಿಳಿ ನಿಜಕ್ಕೂ ಒಳ್ಳೆಯ ಬಣ್ಣ.

ಸದ್ಯಕ್ಕೆ ಮೊದಲ ದರ್ಜೆಯಲ್ಲಿರುವ,
ತಮ್ಮ ವಿಶ್ವಾಸಿ,
ನರಸಿಂಹಪ್ಪ

ಮರೆತ ಮಾತು: ಮತ್ತೆ ಹೀಗಾಗದಿರಲೆಂದು ಚಂದ್ರಲೇಖಾ ಯಂತ್ರದ ಕಣ್ಣಿನ ಮೇಲ್ಗಡೆ ಒಂದು ಸ್ಟೀಲಿನ ತಗಡು ಅಂಟಿಸಿ ಅದಕ್ಕೆ ಹಣೆ ಮಾಡಿಕೊಟ್ಟಿದ್ದಾಳೆ, ಅಶ್ವತ್ಥಮ್ಮ ಅಲ್ಲೇ ಬೊಟ್ಟಿಡುತ್ತಾಳೆ. ಆದರೆ ಕಣ್ಣು ಒರೆಸಿದಂದಿನಿಂದ ಕದಿರಪ್ಪನ ಹೂವು ಎರಡನೇ ದರ್ಜೆಗೆ ಇಳಿದಿದ್ದು, ಅವನಿಗೆ ಇದ್ದಕ್ಕಿದ್ದಂತೆ ದೈವಭಕ್ತಿ ಹೆಚ್ಚಾಗಿದೆ. ಇನ್ನು ಪ್ರತಿ ಶುಕ್ರವಾರ ಯಂತ್ರದ ಪೂಜೆ ತಾನೇ ಮಾಡುತ್ತಾನಂತೆ, ಕುಂಕುಮವನ್ನೂ ಮನೆಯಿಂದಲೇ ತರುತ್ತಾನಂತೆ, ಹಣೆ ಬೇಡವಂತೆ. ಇದೂ ತಮ್ಮ ಇಲಾಖೆಗೇ ಸೇರುತ್ತದೆಯೋ, ಇಲ್ಲ ಇದಕ್ಕೆ ಇಂಗ್ಲಿಷಿನಲ್ಲಿ ಬೇರೆ ಅಧಿಕಾರಿ ಇದ್ದಾರೋ, ದಯವಿಟ್ಟು ಶುಕ್ರವಾರದೊಳಗೆ ತಿಳಿಸುವುದು.