ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ

ಯಾರನ್ನಾದರೂ ನಿಲ್ಲಿಸಿ "ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಕೇಳಿ ನೋಡಿ. ಮನೆಯಲ್ಲಿ ಬಾಯಿ ಮುಚ್ಚದವರೂ ಅಲ್ಲಿ ಸ್ವಂತ ಹೆಸರು ಮರೆತವರ ಹಾಗೆ ನಿಂತುಬಿಡುತ್ತಾರೆ. ಆಮೇಲೆ ಬಾಯಿ ತೆರೆದಾಗ ಏನು ಬರುತ್ತದೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ನನ್ನ ಹೊಟ್ಟೆಪಾಡು ನಡೆಯುವುದೇ ಈ ನಾಲ್ಕು ಮಾತಿನ ಮೇಲೆ. ಹೀಗಾಗಿ ಇಂಥ ಪ್ರಸಂಗಗಳಿಗೆ ನನ್ನಲ್ಲಿ ಬರವಿಲ್ಲ.

ನಾನು ಬೀದರ್ ಕಡೆಯವಳು. ಗಂಡನ ಬ್ಯಾಂಕ್ ಕೆಲಸದ ಬೆನ್ನು ಹತ್ತಿ ನಾಸಿಕ್‌ಗೆ ಬಂದು, ಇಲ್ಲಿಯ ಒಂದು ಕಾಮರ್ಸ್ ಕಾಲೇಜಿನಲ್ಲಿ ಕೊನೆಯ ವರ್ಷದ ಮಕ್ಕಳಿಗೆ ಸಂದರ್ಶನದಲ್ಲಿ ಮಾತಾಡುವುದನ್ನು ಕಲಿಸುತ್ತೇನೆ. ಕೆಲಸ ಕಾಯಂ ಅಲ್ಲ. ಈ ವರ್ಷ ಕಾಲೇಜು ಶುರುವಾದ ದಿನವೇ ಪ್ರಿನ್ಸಿಪಾಲರು ಕರೆದರು. "ಮ್ಯಾಡಮ್, ಛತ್ರಪತಿ ಸಂಭಾಜಿನಗರದ ಹತ್ತಿರ ಬಿಡಕಿನ್‌ನಲ್ಲಿ ಹೊಸದಾಗಿ ಏಳುತ್ತಿರುವ ಫ್ಯಾಕ್ಟರಿಯೊಂದರವರು ಡಿಸೆಂಬರ್‌ನಲ್ಲಿ ಸಂಭಾಜಿನಗರಕ್ಕೆ ಬಂದು ಹುಡುಗರನ್ನು ಆರಿಸುತ್ತಾರೆ. ಹೋದ ವರ್ಷದ ಹಾಗೆ ನಮ್ಮವರೆಲ್ಲ ಮೊದಲನೆಯ ಪ್ರಶ್ನೆಗೇ ಮೂಕರಾಗಿ ಬರಿಗೈಲಿ ಬಂದರೆ ಮುಂದಿನ ವರ್ಷ ಈ ಕ್ಲಾಸನ್ನು ಮುಚ್ಚಬೇಕಾಗುತ್ತದೆ. ಒಬ್ಬರಾದರೂ ಆಯ್ಕೆಯಾಗಲಿ" ಎಂದರು. ಕ್ಲಾಸು ಮುಚ್ಚಿದರೆ ನಾನೂ ಮನೆಗೆ ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಗಾಬರಿಯಿಂದ ಮನೆಗೆ ಬಂದು ಗಂಡನ ಮುಂದೆ ತೋಡಿಕೊಂಡೆ. "ನೀ ಮನ್ಯಾಗ ಮಾತಾಡೂದರಾಗ ಅರ್ಧ ಆ ಹುಡುಗರಿಗಿ ಕಲಿಸು ಸಾಕು, ಎಲ್ಲಾರಿಗೂ ನೌಕರಿ ಸಿಗ್ತದ" ಅಂದರು. ಈ ಮನುಷ್ಯನ ಹತ್ತಿರ ಸಮಾಧಾನ ಹುಡುಕಿಕೊಂಡು ಹೋದದ್ದು ನನ್ನದೇ ತಪ್ಪು.

ಇಲ್ಲಿಂದ ಮುಂದಿನ ಮಾತುಕತೆ ಬಹುಪಾಲು ನಡೆದದ್ದು ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿದ ಭಾಷೆಯಲ್ಲಿ. ನಿಮಗಾಗಿ ಕನ್ನಡದಲ್ಲಿ ಬಡಿಸುತ್ತಿದ್ದೇನೆ.

ಹವ್ಯಾಸ

ಮೊದಲ ದಿನ ಊರು, ಹವ್ಯಾಸ, ಮುಂದೇನಾಗಬೇಕು, ಈ ಮೂರನ್ನು ಹೇಳಿ ಎಂದೆ. ಮೊದಲನೆಯ ಬೆಂಚಿನವನು "ಹವ್ಯಾಸ ಕ್ರಿಕೆಟ್ ಮತ್ತು ಓದುವುದು" ಎಂದ. ಅಲ್ಲಿಂದ ಕೊನೆಯ ಬೆಂಚಿನವರೆಗೂ ಕ್ರಿಕೆಟ್ ಮತ್ತು ಓದುವುದು. ಒಬ್ಬಳನ್ನು ತಡೆದು "ಏನು ಓದುತ್ತೀಯಮ್ಮ?" ಎಂದು ಕೇಳಿದೆ. "ಸ್ಕೋರು, ಮ್ಯಾಡಮ್" ಎಂದಳು.

ಮರುದಿನ ಕ್ರಿಕೆಟ್, ಓದು, ಹಾಡು ಕೇಳುವುದು, ಮೊಬೈಲು ಎಲ್ಲಕ್ಕೂ ನಿಷೇಧ ಹಾಕಿದೆ. ಯಾರಿಗೂ ಹವ್ಯಾಸವೇ ಉಳಿಯಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಮುಖದಲ್ಲಿ ಹತ್ತಿರದ ನೆಂಟನ ಕಳೆ.

"ಮದುವೆಗೆ ಹೋಗುವುದು ನನ್ನ ಹವ್ಯಾಸ, ಮ್ಯಾಡಮ್."

"ಯಾರ ಮದುವೆಗೆ?"

"ಅದು ಗೊತ್ತಿರುವುದಿಲ್ಲ, ಮ್ಯಾಡಮ್."

ನಾಸಿಕ್‌ನಲ್ಲಿ ಮದುವೆ ನಡೆಯುವ ಲಾನ್‌ಗಳಿಗೆ ಲೆಕ್ಕವಿಲ್ಲ. ಲಗ್ನದ ದಿನಗಳಲ್ಲಿ ರಸ್ತೆ ತುಂಬ ದೀಪದ ಕಮಾನುಗಳು. ಇವನು ಯಾವ ಕಮಾನು ಚೆನ್ನಾಗಿದೆಯೋ ಅದರೊಳಗೆ ಹೋಗುತ್ತಾನಂತೆ. ಮದುವೆಯ ಮೆರವಣಿಗೆಯಲ್ಲಿ ಕುಣಿಯುತ್ತಾನೆ, ಹಿರಿಯರಿಗೆ ಕುರ್ಚಿ ಹಾಕುತ್ತಾನೆ, ಗಂಡಿನ ಗೆಳೆಯರು ಕಡಿಮೆ ಇದ್ದರೆ ಫೋಟೋಕ್ಕೂ ನಿಲ್ಲುತ್ತಾನೆ. "ಸುಮ್ಮನೆ ಊಟ ಮಾಡಿ ಬರುವುದಿಲ್ಲ ಮ್ಯಾಡಮ್, ಕೆಲಸ ಮಾಡಿಯೇ ಉಣ್ಣುತ್ತೇನೆ" ಎಂದ.

ಮನೆಗೆ ಬಂದವಳೇ ಸಂಶಯದಿಂದ, ಇಲ್ಲಿಯದೇ ಒಂದು ಲಾನ್‌ನಲ್ಲಿ ನಡೆದ ನಮ್ಮ ನಾದಿನಿಯ ಮದುವೆಯ ಆಲ್ಬಮ್ ತೆಗೆದೆ. ಇದ್ದ! ಮನೆಮಂದಿಯ ದೊಡ್ಡ ಫೋಟೋದಲ್ಲಿ, ನಮ್ಮ ಅತ್ತೆಯ ಪಕ್ಕದಲ್ಲೇ, ಹೆಗಲ ಮೇಲೆ ಶಾಲು ಬೇರೆ. ಅತ್ತೆಗೆ ತೋರಿಸಿ ನಡೆದದ್ದನ್ನು ಹೇಳಿದೆ. ಅವರಿಗೆ ಸಿಟ್ಟು ಬಂತು, ಆದರೆ ನನ್ನ ಮೇಲೆ. "ನಾ ಗಂಡಿನ ಕಡಿಯವ ಅಂದ್ಕೊಂಡಿದ್ನಿ. ಎರಡ ಸಲ ಜಿಲೇಬಿ ತಂದ್ ಕೊಟ್ಟಾನ ನನಗ. ನಿಮ್ಮ ಪೈಕಿ ಒಬ್ಬರರ ನೀರ ಬೇಕೇನಂತ ಕೇಳೀರೇನು? ಮುಂದಿನ ಮದುವಿಗಿ ಅವನಿಗಿ ಪತ್ರಿಕಿ ಕೊಟ್ಟೇ ಕರೀರಿ, ಪಾಪ!"

ಗುಟ್ಟು

ಇನ್ನೊಬ್ಬ ಹುಡುಗನ ತಂದೆ ಓಝರ್‌ನ ವಿಮಾನದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಅಲ್ಲಿಯ ಟೌನ್‌ಶಿಪ್ ಬಿಟ್ಟು ನಾಸಿಕ್‌ನಲ್ಲೇ ಮನೆ ಮಾಡಿಕೊಂಡು ದಿನಾ ಹೋಗಿಬಂದು ಮಾಡುತ್ತಿದ್ದರು. "ತಂದೆ ಅಲ್ಲಿ ಏನು ಮಾಡುತ್ತಾರೆ?" ಎಂದೆ. ಹುಡುಗ ದನಿ ತಗ್ಗಿಸಿದ. "ಹೇಳುವ ಹಾಗಿಲ್ಲ, ಮ್ಯಾಡಮ್. ನಮ್ಮ ತಾಯಿಗೂ ಹೇಳಿಲ್ಲ. ಕೇಳಿದರೆ, ಗುಟ್ಟಿನ ಕೆಲಸ ಅನ್ನುತ್ತಾರೆ."

ಅಂದಿನಿಂದ ಕ್ಲಾಸಿನಲ್ಲಿ ಅವನಿಗೆ ಬೇರೆಯೇ ಮರ್ಯಾದೆ. ಆಕಾಶದಲ್ಲಿ ವಿಮಾನದ ಸದ್ದಾದರೆ ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅವನೂ ಗೊತ್ತಿದ್ದೂ ಹೇಳಲಾರದವನ ಹಾಗೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ.

ಪಾಲಕರ ಸಭೆಯ ದಿನ ಆ ತಂದೆ ಹೆಂಡತಿಯ ಜೊತೆ ಬಂದರು. ನಾನು ಎದ್ದು ನಿಂತು ನಮಸ್ಕರಿಸಿದೆ. "ನಿಮ್ಮಂಥವರಿಂದ ದೇಶ ನಡೆಯುತ್ತಿದೆ" ಎಂದೂ ಅಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಹೆಂಡತಿ ಬೇರೆಯವರ ಜೊತೆ ಮಾತಿಗೆ ನಿಂತದ್ದನ್ನು ಖಾತ್ರಿ ಮಾಡಿಕೊಂಡು ನನ್ನನ್ನು ಬಾಗಿಲ ಹಿಂದೆ ಕರೆದರು.

"ಮ್ಯಾಡಮ್, ನನ್ನನ್ನು ಕ್ಯಾಂಟೀನಿಗೆ ಹಾಕಿದ್ದಾರೆ. ಅಡಿಗೆ ನೋಡಿಕೊಳ್ಳುವ ಕೆಲಸ. ಕೈರುಚಿ ಚೆನ್ನಾಗಿದೆ ಅಂತ ಅಲ್ಲಿ ಎಲ್ಲರೂ ಹೊಗಳುತ್ತಾರೆ. ಮನೆಯಲ್ಲಿ ನನಗೆ ಚಹಾ ಮಾಡಲೂ ಬರುವುದಿಲ್ಲ ಅಂತ ಇವಳು ನಂಬಿದ್ದಾಳೆ. ದಯವಿಟ್ಟು ಬಾಯಿ ಬಿಡಬೇಡಿ."

"ಹಾಗಾದರೆ ಇದು ದೇಶದ ಗುಟ್ಟಲ್ಲವೇ?"

"ಅಲ್ಲ ಮ್ಯಾಡಮ್, ಅದಕ್ಕಿಂತ ದೊಡ್ಡದು. ನನ್ನ ಭಾನುವಾರದ ಪ್ರಶ್ನೆ!"

ಒಂದು ಗಂಟೆಯ ಊಟ

ಕ್ಲಾಸಿನಲ್ಲಿ ಕನ್ನಡದ ಹುಡುಗಿ ಒಬ್ಬಳಿದ್ದಳು. ಅವಳ ತಂದೆ ಕುಂದಾಪುರದ ಕಡೆಯವರು, ನಾಸಿಕ್‌ನಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಾರೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಲೆಯಾಡಿಸಿ ಮರಾಠಿಯಲ್ಲಿ ಉತ್ತರಿಸುತ್ತಿದ್ದಳು. ಮುಂದೇನಾಗಬೇಕು ಎಂದು ಕೇಳಿದಾಗ ಉಳಿದವರೆಲ್ಲ ಮ್ಯಾನೇಜರ್, ಕಲೆಕ್ಟರ್ ಎನ್ನುತ್ತಿದ್ದರು. ಅವಳು ಮಾತ್ರ ಬಹಳ ಯೋಚಿಸಿ, ನನಗಾಗಿ ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು.

"ಮಧ್ಯಾಹ್ನ ಒಂದು ಗಂಟೆಗೆ ಊಟ ಮಾಡೋದು ಬೇಕು, ಮ್ಯಾಡಮ್."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹೋಟೆಲಿನವರ ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಉಣ್ಣುವುದಿಲ್ಲವಂತೆ. ಗಿರಾಕಿಗಳೆಲ್ಲ ಎದ್ದ ಮೇಲೆ, ನಾಲ್ಕು ಗಂಟೆಗೆ, ಅಡುಗೆಮನೆಯ ಮೂಲೆಯಲ್ಲಿ ನಿಂತುಕೊಂಡೇ ಮನೆಯವರ ಊಟ. ಹುಟ್ಟಿದಾಗಿನಿಂದ ಹಾಗೆ. ಆಫೀಸಿನವರು ಒಂದು ಗಂಟೆಗೆ ಬಂದು ಕುಳಿತು ಉಣ್ಣುವುದನ್ನು ನೋಡಿ ನೋಡಿ ಅವಳಿಗೆ ನೌಕರಿಯ ಆಸೆ ಹುಟ್ಟಿತ್ತು. ಬಿಡಕಿನ್‌ನಲ್ಲಿ ಸಿಗದಿದ್ದರೆ ಅವಳು ಗಲ್ಲಾದ ಮೇಲೆ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನಗೆ ಪಾಪ ಅನಿಸಿತು. ನನ್ನ ಕ್ಲಾಸಿನ ಚಿಂತೆಯ ಜೊತೆಗೆ ಇವಳ ಊಟದ ಚಿಂತೆಯೂ ಸೇರಿತು.

ಅವಳ ತಂದೆಗೆ ತಿಳಿಸಿ ಹೇಳೋಣವೆಂದು ಒಂದು ದಿನ ಹೋಟೆಲಿಗೇ ಹೋದೆ. "ನಿಮ್ಮ ಮಗಳಿಗೆ ಒಂದು ಗಂಟೆಗೆ ಊಟ ಮಾಡಬೇಕು ಅಂತ ಆಸೆ ಇದೆ" ಎಂದೆ. ಅವರು ಕೈಯಲ್ಲಿದ್ದ ಬಿಲ್ಲು ಕೆಳಗಿಟ್ಟು ನನ್ನನ್ನೇ ನೋಡಿದರು.

"ಒಂದು ಗಂಟೆಗೆ ಊಟವಾ? ಎಂಥದು ಮಾರಾಯ್ರೆ! ಅದು ಗಿರಾಕಿಗಳು ಮಾಡುವ ಕೆಲಸ ಅಲ್ವಾ?"

ಲಾಸಲಗಾಂವ್‌ನ ಪದ್ಧತಿ

ಲಾಸಲಗಾಂವ್‌ನಿಂದ ಬರುತ್ತಿದ್ದ ಹುಡುಗನದು ಆರಡಿ ಎತ್ತರ, ದಪ್ಪ ಮೀಸೆ. ಮನೆತನದ್ದು ಈರುಳ್ಳಿ ವ್ಯಾಪಾರ. ಚಿಕ್ಕಂದಿನಿಂದ ಮಂಡಿಯ ಹರಾಜಿನಲ್ಲೇ ಬೆಳೆದವನು. ಅಣಕು ಸಂದರ್ಶನದಲ್ಲಿ ನಾನು ಕಂಪನಿಯವಳಾಗಿ ಕುಳಿತು, "ನಿಮ್ಮನ್ನು ನಾವು ಯಾಕೆ ತೆಗೆದುಕೊಳ್ಳಬೇಕು?" ಎಂದೆ.

"ಮೊದಲು ಕೆಟ್ಟದ್ದನ್ನು ನೋಡಿಕೊಳ್ಳಿ" ಎಂದ. "ಗಣಿತದಲ್ಲಿ ಎರಡು ಸಲ ಫೇಲಾಗಿದ್ದೇನೆ. ಊಟವಾದ ಮೇಲೆ ನಿದ್ದೆ ಬರುತ್ತದೆ. ಯಾರಾದರೂ ಏರುದನಿಯಲ್ಲಿ ಮಾತಾಡಿದರೆ ನನ್ನ ದನಿ ಇನ್ನೂ ಏರುತ್ತದೆ."

ನಾನು ತಲೆ ಚಚ್ಚಿಕೊಂಡೆ. "ಸಂದರ್ಶನದಲ್ಲಿ ಒಳ್ಳೆಯದನ್ನು ಹೇಳಬೇಕಪ್ಪ!"

"ಮೇಲೆ ಒಳ್ಳೆಯ ಮಾಲು ಹಾಕಿ ಕೆಳಗೆ ಕೊಳೆತದ್ದು ಇಟ್ಟರೆ, ಟ್ರಾಲಿ ಸುರಿದಾಗ ಗೊತ್ತಾಗೇ ಆಗುತ್ತದೆ, ಮ್ಯಾಡಮ್. ಇಡೀ ಮಾಲಿನ ಬೆಲೆ ಬೀಳುತ್ತದೆ. ನಮ್ಮಲ್ಲಿ ಮೊದಲೇ ತೋರಿಸುವುದು ಪದ್ಧತಿ."

ಈ ಮಾತು ಕ್ಲಾಸಿಗೆ ಎಷ್ಟು ಹಿಡಿಸಿತೆಂದರೆ, ಆಮೇಲೆ ಎದ್ದವರೆಲ್ಲ ತಮ್ಮ ತಮ್ಮ ದೋಷಗಳನ್ನು ಒಪ್ಪಿಸತೊಡಗಿದರು. ಒಬ್ಬನಿಗೆ ಬೆಳಿಗ್ಗೆ ಏಳಲಾಗದು, ಒಬ್ಬಳಿಗೆ ಯಾರ ಮಾತೂ ಕೇಳಲಾಗದು. ಘಂಟೆ ಬಾರಿಸುವ ಹೊತ್ತಿಗೆ ನನ್ನ ಟ್ರಾಲಿಯಲ್ಲಿ ಒಂದೂ ಒಳ್ಳೆಯ ಗಡ್ಡೆ ಉಳಿದಿರಲಿಲ್ಲ.

ಭಾಲ್ಕಿಯವರು

ಸಂದರ್ಶನಕ್ಕೆ ಹೊರಟದ್ದು ಆರು ಮಂದಿ. ಈ ನಾಲ್ವರೂ ಅದರಲ್ಲಿದ್ದರು. ಹಿಂದಿನ ದಿನ ಎಲ್ಲರೂ ನನ್ನನ್ನು ಮುತ್ತಿದರು. "ಮ್ಯಾಡಮ್, ಹಾಗೆ ಹೇಳಬೇಡಿ, ಹೀಗೆ ಹೇಳಬೇಡಿ ಅಂತ ಇಷ್ಟು ದಿನ ಹೇಳಿದಿರಿ. ಹೇಗೆ ಹೇಳಬೇಕು ಅಂತ ನೀವೇ ಒಂದು ಸಲ ಹೇಳಿ ತೋರಿಸಿ."

ಮಾತು ನ್ಯಾಯವಾದದ್ದೇ. ನೆಟ್ಟಗೆ ನಿಂತು, ಮುಖಕ್ಕೆ ನಗು ತಂದುಕೊಂಡು, ಇಂಗ್ಲಿಷಿನಲ್ಲಿ ನನ್ನ ಪರಿಚಯ ಹೇಳಿದೆ. ನಾನು ಬೀದರ್ ಜಿಲ್ಲೆಯ ಭಾಲ್ಕಿಯವಳು. ತಂದೆಯದು ಬಟ್ಟೆ ಅಂಗಡಿ. ನಾವು ನಾಲ್ವರು ಅಕ್ಕತಂಗಿಯರು, ಅವರಲ್ಲಿ ನಾನು ಮೂರನೆಯವಳು. ಹವ್ಯಾಸ ಹಳೆಯ ಸೀರೆಗಳ ಕೌದಿ ಹೊಲಿಯುವುದು. ಮಕ್ಕಳು ಚಪ್ಪಾಳೆ ತಟ್ಟಿದರು. ಮೊಬೈಲಿನಲ್ಲಿ ರೆಕಾರ್ಡ್ ಕೂಡ ಮಾಡಿಕೊಂಡರು. ಸುಳ್ಳೇಕೆ ಹೇಳಲಿ, ನನಗೆ ಹೆಮ್ಮೆಯಾಯಿತು.

ಬೆಳಿಗ್ಗೆ ಸಂಭಾಜಿನಗರದ ಬಸ್ಸಿನಲ್ಲಿ ಆರೂ ಮಂದಿ ಅದನ್ನೇ ಹಾಕಿಕೊಂಡು ಕೇಳುತ್ತಿದ್ದರು. ಯೇವಲಾ ದಾಟುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿಗೂ ನಮ್ಮ ಅಂಗಡಿ ಗೊತ್ತಾಗಿತ್ತು. ಮಾತಿನ ಧಾಟಿ ಕಲಿಯುತ್ತಿದ್ದಾರೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

ಅಲ್ಲಿ ಆರು ಮಂದಿಯನ್ನೂ ಒಟ್ಟಿಗೆ ಒಳಗೆ ಕೂರಿಸಿದರು. ನಾನು ಹೊರಗೆ ವರಾಂಡದಲ್ಲಿ, ತೆರೆದ ಕಿಟಕಿಯ ಪಕ್ಕ. ಕಂಪನಿಯವರು ಮೂವರು. ನಡುವೆ ಕುಳಿತ ಹಿರಿಯರ ಹಣೆಯಲ್ಲಿ ವಿಭೂತಿ. "ಒಬ್ಬೊಬ್ಬರಾಗಿ ನಿಮ್ಮ ಪರಿಚಯ ಹೇಳಿ" ಎಂದರು.

ಮದುವೆಯ ಹುಡುಗ ಮೊದಲು ಎದ್ದ. ಯಾರ ಮನೆಯಲ್ಲೂ ಅಂಜದವನು ಅಲ್ಲಿ ಬೆವರಿದ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ನಾನು ಬೀದರ್ ಜಿಲ್ಲೆಯ ಭಾಲ್ಕಿಯವನು. ತಂದೆಯದು ಬಟ್ಟೆ ಅಂಗಡಿ."

ನನ್ನ ಜೀವ ಬಾಯಿಗೆ ಬಂತು. ಹಿರಿಯರು ತಲೆ ಎತ್ತಿ ನೋಡಿ, ಮುಂದಿನವನಿಗೆ ಕೈ ತೋರಿಸಿದರು. ಬೈಗುಳ ಬೀಳಲಿಲ್ಲವೆಂದರೆ ಉತ್ತರ ಸರಿಯಿದೆ ಎಂದು ಉಳಿದವರು ತಿಳಿದರು. ಗುಟ್ಟಿನ ಹುಡುಗನೂ ಭಾಲ್ಕಿಯವನಾದ, ಅವನ ಹವ್ಯಾಸ ಕೌದಿ ಹೊಲಿಯುವುದು. ಹೋಟೆಲಿನ ಹುಡುಗಿಯೂ ಭಾಲ್ಕಿಯವಳಾದಳು. ಇನ್ನಿಬ್ಬರೂ ಅದೇ ದಾರಿ ಹಿಡಿದರು. ಕೊನೆಗೆ ಎದ್ದವನು ಲಾಸಲಗಾಂವ್‌ನವನು. ಇವನಾದರೂ ಉಳಿಸಿಯಾನು ಎಂದು ದೇವರಿಗೆ ಕೈ ಮುಗಿದೆ. ಅವನು ಎದೆ ಸೆಟೆಸಿ, ಮೀಸೆ ಅದುರಿಸುತ್ತ, ಕೋಣೆ ನಡುಗುವ ದನಿಯಲ್ಲಿ ಹೇಳಿದ.

"ನಾವು ನಾಲ್ವರು ಅಕ್ಕತಂಗಿಯರು. ಅವರಲ್ಲಿ ನಾನು ಮೂರನೆಯವಳು!"

ಹಿರಿಯರು ಎದ್ದು ಬಾಗಿಲಿಗೆ ಬಂದು, ನನ್ನ ಕಡೆ ನೋಡಿ ಕನ್ನಡದಲ್ಲೇ ಕೇಳಿದರು. "ಈ ಹುಡುಗರೊಳಗ ಅಸಲಿ ಭಾಲ್ಕಿಯವ್ರು ಯಾರ್ರೀ?"

"ನಾನ್ರಿ" ಎಂದೆ.

"ಬರ್ರಿ ಒಳಗ. ಹಂಗಾದ್ರ ಪರಿಚಯ ನೀವೇ ಹೇಳ್ರಿ, ಕೇಳೋಣು."

ಹೋಗಿ ನಿಂತೆ. ಮೂವರೂ ನನ್ನನ್ನು ನೋಡಿದರು. ಕ್ಲಾಸು ಹೋಯಿತು, ಕೆಲಸ ಹೋಯಿತು, ಆ ಹುಡುಗಿಯ ಊಟವೂ ಹೋಯಿತು ಎಂಬುದೊಂದೇ ತಲೆಯಲ್ಲಿ. "ನಾನು..." ಎಂದೆ. ಮುಂದೆ ಏನೂ ಬರಲಿಲ್ಲ. ಮತ್ತೆ "ನಾನು..." ಎಂದೆ.

ಹಿಂದಿನಿಂದ ಹೋಟೆಲಿನ ಹುಡುಗಿ ಮೆಲ್ಲಗೆ ಎತ್ತಿಕೊಟ್ಟಳು, "ಭಾಲ್ಕಿಯವಳು, ಮ್ಯಾಡಮ್." ಮದುವೆಯವನು "ಬಟ್ಟೆ ಅಂಗಡಿ" ಎಂದ. ಗುಟ್ಟಿನವನು "ಕೌದಿ, ಮ್ಯಾಡಮ್, ಕೌದಿ!" ಎಂದು ಹೊಲಿಯುವ ಕೈ ಮಾಡಿ ತೋರಿಸಿದ.

ಹಿರಿಯರು ನಕ್ಕರು ನೋಡಿ, ಮೇಜು ಹಿಡಿದುಕೊಂಡು ನಕ್ಕರು. ಇಬ್ಬರು ಜೊತೆಗಾರರೂ ನಕ್ಕರು. ಕಣ್ಣೊರೆಸಿಕೊಂಡು, "ಕೂಡ್ರಿ ಅಕ್ಕಾರ, ಅಂಜಬ್ಯಾಡ್ರಿ. ನಂದು ಕಲಬುರಗಿ. ಮೊದಲನೇ ಇಂಟರ್‌ವ್ಯೂದಾಗ ನನ್ನ ಹೆಸರು ಕೇಳಿದ್ರ ನಾ ನಮ್ಮ ಕಾಕಾನ ಹೆಸರು ಹೇಳಿ ಬಂದೀನಿ" ಎಂದರು. ಆಮೇಲೆ ಮಕ್ಕಳ ಕಡೆ ತಿರುಗಿ ಹಿಂದಿಯಲ್ಲಿ, "ಇನ್ನು ಎಲ್ಲರೂ ಭಾಲ್ಕಿ ಬಿಟ್ಟು ನಿಮ್ಮ ನಿಮ್ಮ ಊರಿಗೆ ಹೋಗಿ ಮಾತಾಡಿ" ಎಂದರು. ಒಮ್ಮೆ ನಕ್ಕ ಮೇಲೆ ಮಕ್ಕಳ ಬಾಯಿ ಬಿಚ್ಚಿತು. ನಾನು ಹೊರಗೆ ಬಂದು ಕುಳಿತೆ. ಒಳಗಿನಿಂದ ಮಾತು ಬರುತ್ತಲೇ ಇತ್ತು.

ಮಧ್ಯಾಹ್ನದ ಮೇಲೆ ಹಿರಿಯರು ಗಂಭೀರವಾದ ಮುಖ ಮಾಡಿಕೊಂಡು ವರಾಂಡಕ್ಕೆ ಬಂದರು.

"ಇಬ್ಬರನ್ನ ತಗೊಂಡೀವ್ರಿ. ಹೋಟೆಲ್‌ದವ್ರ ಹುಡುಗಿ ಆಫೀಸಿಗಿ."

ಹೋದ ಜೀವ ಬಂದಂತಾಯಿತು. ಒಬ್ಬಳು ಸಾಕಿತ್ತು ನನಗೆ. ಕ್ಲಾಸು ಉಳಿಯಿತು, ನಾನು ಉಳಿದೆ, ಆ ಹುಡುಗಿಗೆ ಕುಳಿತು ಉಣ್ಣುವ ಕಾಲ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಬ್ಬರು ಯಾರ್ರೀ ಸರ್?" ಎಂದೆ.

"ನಿಮ್ಮ ನಾಲ್ಕು ಮಂದಿ ಅಕ್ಕತಂಗೇರೊಳಗ ಮೂರನೇಯಾಕಿ" ಎಂದರು. "ಡಿಸ್ಪ್ಯಾಚ್‌ದಾಗ ಲಾರಿಯವ್ರು ಭಾಳ ಜೋರು ಮಾಡ್ತಾರ, ಅಲ್ಲಿಗಿ ಇಂಥಾಕೀನೇ ಬೇಕಾಗಿತ್ತು. ಮೀಸಿ ಮಾತ್ರ ತೆಗೀಬ್ಯಾಡವ್ವಾ ಅಂತ ಹೇಳ್ರಿ!"