ನಾಗರಾಜಪ್ಪನ ಬೂಷ್ಟು ಸೇನೆ

ಹೋದ ವರ್ಷ ನಾಗರಾಜಪ್ಪನ ಗದ್ದೆಯ ಬೆಂಡೆ, ಅವನ ಹೆಂಡತಿ ಹೂವಮ್ಮನ ಹಿತ್ತಲಿನ ಬದನೆ, ಎರಡೂ ಕಾಯಿ ಬಿಡುವ ಹೊತ್ತಿಗೆ ಸೊರಗಿ ಹೋಗಿದ್ದವು. ಕೃಷಿ ಅಧಿಕಾರಿ ಶರಾವತಿ ಮೇಡಂ ಗಿಡ ಕಿತ್ತು ತೋರಿಸಿದರೆ ಬೇರಿನ ತುಂಬ ಗಂಟು. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು ಬೇರನ್ನು ಹೊಕ್ಕಿದೆ, ಅದರ ಮೊಟ್ಟೆಯನ್ನೇ ತಿನ್ನುವ ಶಿಲೀಂಧ್ರವೂ ಉಂಟು ಎಂದು ಅವರು ಹೇಳಿದ್ದೇ ತಡ, ನಾಗರಾಜಪ್ಪನ ಮೈಯಲ್ಲಿ ಮಿಂಚು ಹರಿಯಿತು. ವಿಷ ಹೊಡೆಯದೆ, ಬೂಷ್ಟನ್ನು ಛೂ ಬಿಟ್ಟು ಹುಳುಗಳ ಸಂಹಾರ. ಇಂಥ ಯುದ್ಧವನ್ನು ಇಕ್ಕೇರಿಯ ಅರಸರೂ ಮಾಡಿರಲಿಕ್ಕಿಲ್ಲ.

ಈ ಸಲವೂ ಬೆಂಡೆ ಹೋದರೆ ತರಕಾರಿ ಬೆಳೆಯುವುದನ್ನೇ ಬಿಡುವುದೆಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಆದರೆ ರಿಪ್ಪನ್‌ಪೇಟೆಯಲ್ಲಿ ಸಿಕ್ಕವರಿಗೆಲ್ಲ, ನಮ್ಮಲ್ಲಿ ಜಂತುಹುಳ ವಿಪರೀತ, ಈ ಸಲ ನಿರ್ನಾಮ ಮಾಡ್ತೀನಿ ಎಂದು ಸಾರುತ್ತಾ ಬಂದ. (ಮೆಡಿಕಲ್ ಶಾಪಿನ ಗಿರಿಧರ ಪಾಪ ಎಂದುಕೊಂಡು ಮಾತ್ರೆ ತೆಗೆದಿಟ್ಟಿದ್ದನಂತೆ.)

ಮೇಡಂ ಕೊಟ್ಟ ಶಿಲೀಂಧ್ರದ ಪುಡಿಯನ್ನು ಸಗಣಿ ಗೊಬ್ಬರ, ಬೇವಿನ ಹಿಂಡಿಯ ಜೊತೆ ಕಲಸಿ, ಸೌದೆ ಕೊಟ್ಟಿಗೆಯಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಹೊದಿಸಿದ. ದಿನಾ ಬೆಳಿಗ್ಗೆ ಬಾಣಂತಿ ಕೋಣೆಗೆ ಹೋಗುವವನಂತೆ ಸದ್ದಿಲ್ಲದೆ ಹೋಗಿ ಗೋಣಿ ಎತ್ತಿ ನೋಡುವನು. ಬಿಳಿ ಬೂಷ್ಟು ಕಂಡ ದಿನ ಹೂವಮ್ಮನನ್ನು ಒಲೆ ಮುಂದಿನಿಂದ ಎಬ್ಬಿಸಿ ಕರೆತಂದ.

"ಗೊಬ್ಬರ ಹಾಳಾಗೈತಲ್ರೀ," ಎಂದಳು ಅವಳು.

"ಹಾಳಾಗಿದ್ದಲ್ಲ ಮಾರಾಯ್ತಿ, ಸೇನೆ ಬೆಳೀತಿದೆ. ಮುಟ್ಬೇಡ."

ಮರುದಿನ ಅವನು ನೆಂಟರ ಗೃಹಪ್ರವೇಶಕ್ಕೆ ಬ್ಯಾಕೋಡಿಗೆ ಹೋದ. ಅತ್ತ ಅವನು ಹೋಗುತ್ತಲೇ ಇತ್ತ ಹೂವಮ್ಮನ ತವರಿನವರು ಬರುತ್ತೇವೆಂದು ಫೋನ್ ಮಾಡಿದರು. ಬೂಷ್ಟು ಹಿಡಿದ ರಾಶಿಯನ್ನು ಅತ್ತಿಗೆ ನೋಡಿದರೆ ಮಾನ ಹೋಗುತ್ತದೆಂದು ಹೂವಮ್ಮ ಅದನ್ನು ಹಿತ್ತಲಿನ ಬದನೆ ಪಾತಿಗೆ ಸುರಿದು ಮಣ್ಣು ಮುಚ್ಚಿದಳು. ಗಂಡನ ಮನಸ್ಸು ನೋಯಬಾರದೆಂದು ಗೋಣಿಯ ಕೆಳಗೆ ಬೇರೆ ಒಳ್ಳೆ ಗೊಬ್ಬರ ತುಂಬಿಟ್ಟಳು.

ವಾಪಸು ಬಂದ ನಾಗರಾಜಪ್ಪನಿಗೆ ಬಿಳಿ ಕಾಣಲಿಲ್ಲ. ಸೇನೆ ಒಳಗಿಳಿದು ಹೊಂಚು ಹಾಕಿದೆ ಎಂದು ತಾನೇ ಅರ್ಥ ಮಾಡಿಕೊಂಡು, ಅದನ್ನು ಬೆಂಡೆ ಸಾಲಿಗೆಲ್ಲ ಅಕ್ಷತೆಯಂತೆ ಹಾಕಿದ. ಗಿಡಗಳು ಮೊಣಕಾಲುದ್ದ ಬಂದಾಗ ತಡೆಯಲಾಗದೆ ಮೇಡಂ ಜೊತೆ ಊರಿನ ರೈತರನ್ನೆಲ್ಲ ಕರೆಸಿದ. ಗದ್ದೆಯ ಅಂಚಿಗೆ ಕುರ್ಚಿ ಹಾಕಿಸಿ, ಶಿಲೀಂಧ್ರದ ಪರಾಕ್ರಮದ ಮೇಲೆ ದೀರ್ಘ ಭಾಷಣ ಮಾಡಿ, ಕೊನೆಗೆ ಗಿಡವೊಂದನ್ನು ಕಿತ್ತು ಎತ್ತಿ ಹಿಡಿದ.

ಬೇರಿನ ತುಂಬ ಗಂಟು. ಇನ್ನೊಂದು ಕಿತ್ತ. ಅದೂ ಹಾಗೇ.

ಬೇರನ್ನು ಮುಟ್ಟಿ ನೋಡಿದ ಮೇಡಂ ಕೈ ತೊಳೆಯಲು ಹಿತ್ತಲಿಗೆ ಬಂದರು; ಹಿಂದೆಯೇ ನಾಗರಾಜಪ್ಪನೂ ರೈತರೂ ಬಂದರು. ಅಲ್ಲಿ ಬದನೆ ಗಿಡಗಳು ಕಾಯಿಯ ಭಾರಕ್ಕೆ ಬಾಗಿದ್ದವು. ಹೂವಮ್ಮನ ಒಪ್ಪಿಗೆ ಪಡೆದು ಒಂದನ್ನು ಕಿತ್ತರು. ಬೇರು ಬೆಳ್ಳಗೆ, ಒಂದು ಗಂಟೂ ಇಲ್ಲ.

"ಇದಕ್ಕೆ ಎಂಥ ಹಾಕಿದ್ರಿ?"

ಹೂವಮ್ಮ ಗಂಡನ ಮುಖ ನೋಡಿದಳು. "ಅದು... ಇವರ ಸೇನೆ ಮೇಡಂ. ನಾನೇ ಎಸೆದಿದ್ದೆ."

ನಕ್ಕು ನಕ್ಕು ರೈತರೆಲ್ಲ ಕುರ್ಚಿಗಳನ್ನು ಹಿತ್ತಲಿಗೆ ಹೊತ್ತು ತಂದರು. ಹೊಸನಗರದಲ್ಲಿ ನಡೆಯಲಿದ್ದ ರೈತರ ತರಬೇತಿಯಲ್ಲಿ ಹೂವಮ್ಮನೇ ಮಾತಾಡಬೇಕೆಂದು ಮೇಡಂ ಹಟ ಹಿಡಿದರು. ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಅಲ್ಲಿ ತೋರಿಸಲು ಗೊಬ್ಬರ ಹೊರುವುದು ಗಂಡನ ಕೆಲಸ.

ತರಬೇತಿಯ ದಿನ ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡ ಕಂಡಕ್ಟರ್ ಈ ಮೂಟೆ ಯಾರದೆಂದು ಕೇಳಿದ. ರೇಷ್ಮೆ ಸೀರೆ ಉಟ್ಟು ಕಿಟಕಿ ಪಕ್ಕ ಕೂತಿದ್ದ ಹೂವಮ್ಮ ಹಿಂದಕ್ಕೆ ಬೆರಳು ತೋರಿಸಿ, ಆ ಯಜಮಾನರದ್ದು ಅಂದಳು.